ವಾಸಗೃಹಗಳಲ್ಲಿ ಶಕ್ತಿಯ ಉಳಿತಾಯ: ದೇಶದೇಶಗಳ ಅನುಭವ

ಅನ್ನ, ವಸ್ತ್ರ, ವಸತಿ ಎಂದು ಹಿರಿಯರು ಎಣಿಸಿದ ಮೂರು ಅವಶ್ಯಕತೆಗಳಲ್ಲಿ ವಸತಿಯ ಸ್ವಭಾವವೇ ಬೇರೆ. ಉಂಡ ಅನ್ನ ಜೀರ್ಣವಾಗುತ್ತದೆ, ಉಟ್ಟ ಬಟ್ಟೆ ಹರಿಯುತ್ತದೆ. ಮನೆಯಾದರೋ ಕಟ್ಟಿ ಮುಗಿದ ದಿನದಿಂದ ತಾನೇ ಉಣ್ಣತೊಡಗುತ್ತದೆ. ಒಲೆಗೆ ಉರುವಲು, ದೀಪಕ್ಕೆ ವಿದ್ಯುತ್ತು, ಸ್ನಾನಕ್ಕೆ ಬಿಸಿನೀರು, ಬೇಸಗೆಯಲ್ಲಿ ಗಾಳಿ, ಶೀತದೇಶವಾದರೆ ಚಳಿಗಾಲವಿಡೀ ಬೆಂಕಿ, ಇವೆಲ್ಲ ಮನೆಯ ಆಹಾರ. ಜಗತ್ತಿನಲ್ಲಿ ಅಂತಿಮವಾಗಿ ಬಳಕೆಯಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 30 ಪಾಲು ಕಟ್ಟಡಗಳ ನಿತ್ಯನಿರ್ವಹಣೆಗೇ ಸಲ್ಲುತ್ತಿದೆಯೆಂದು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯು ಲೆಕ್ಕ ಹಾಕಿದೆ. ಅದರಲ್ಲಿ ಹೆಚ್ಚಿನ ಭಾಗ ವಾಸದ ಮನೆಗಳದು. ಕಾರ್ಖಾನೆಗಳ ಹೊಗೆಯನ್ನೂ ವಾಹನಗಳ ಹೊಗೆಯನ್ನೂ ದೂರುವ ನಾಗರಿಕನು ತನ್ನ ಸೂರಿನ ಕೆಳಗೆ ನಡೆಯುವ ವ್ಯಯವನ್ನು ಮಾತ್ರ ವ್ಯಯವೆಂದೇ ಬಗೆಯುವುದಿಲ್ಲ.

ಶಕ್ತಿಯ ಉಳಿತಾಯವೆಂದೊಡನೆ ದೀಪ ಆರಿಸಿ ಕತ್ತಲಲ್ಲಿ ಕೂರುವ ಚಿತ್ರವೊಂದು ಜನರ ಕಣ್ಣಮುಂದೆ ಬರುತ್ತದೆ. ಶರಣರ ಚರಿತ್ರೆಯನ್ನು ಬಲ್ಲವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯುವುದೂ ಉಂಟು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಆತನನ್ನು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗವನ್ನು ಮಿತವ್ಯಯಕ್ಕೆ ದೃಷ್ಟಾಂತವಾಗಿ ಹೇಳುವವರು ಸಾಮಾನ್ಯವಾಗಿ ಅರ್ಧವನ್ನೇ ಹೇಳುತ್ತಾರೆ. ಆ ಅಕ್ಕಿ ಅಂಗಳದಲ್ಲಿ ಚೆಲ್ಲಿತ್ತೆಂಬುದೂ ಕಥೆಯ ಭಾಗವೇ ಅಲ್ಲವೆ? ಹೆಚ್ಚು ಬೇಡವೆನ್ನುವುದು ಒಂದು ಗುಣ. ಚೆಲ್ಲದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ವೈರಾಗ್ಯ ಬೇಕು. ಎರಡನೆಯದಕ್ಕೆ ಬೇಕಾದುದು ಗಾರೆಯವನ ಕರಣೆ, ಬಡಗಿಯ ಉಳಿ, ಸರಿಯಾದ ಕಾನೂನು ಮತ್ತು ಸರಿಯಾದ ದರಪಟ್ಟಿ. ಹೊರದೇಶಗಳಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ನಡೆದಿರುವುದು ಬಹುಮಟ್ಟಿಗೆ ಈ ಎರಡನೆಯ ಕೆಲಸ. ಅದನ್ನು ಅರಿಯದೆ ಉಪದೇಶಕ್ಕೆ ತೊಡಗುವುದರಿಂದ ಪ್ರಯೋಜನವಿಲ್ಲ.

1973ರಲ್ಲಿ ಅರಬ್ ರಾಷ್ಟ್ರಗಳು ತೈಲದ ಸರಬರಾಜನ್ನು ಬಿಗಿಹಿಡಿದಾಗ ಯುರೋಪಿನ ಪುಟ್ಟ ದೇಶವಾದ ಡೆನ್ಮಾರ್ಕು ತತ್ತರಿಸಿತು. ಅದರ ಶಕ್ತಿಯ ಬಳಕೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಹೊರಗಿನಿಂದ ತರಿಸಿದ ತೈಲವೇ ಆಗಿತ್ತು. ಮನೆಗಳನ್ನು ಬೆಚ್ಚಗಿಡುತ್ತಿದ್ದುದೂ ಬಹುಪಾಲು ತೈಲವೇ. ಭಾನುವಾರಗಳಂದು ಖಾಸಗಿ ಮೋಟಾರುಗಳು ರಸ್ತೆಗಿಳಿಯಬಾರದೆಂದು ಸರಕಾರ ಆಜ್ಞೆ ಹೊರಡಿಸಿತು. ಈ ಭಾನುವಾರದ ವ್ರತದಿಂದ ಮನೆಗಳೇನೂ ಬೆಚ್ಚಗಾಗಲಿಲ್ಲ. ಅಲ್ಲಿಯ ಜನ ಬೇಗನೆ ಇದನ್ನು ಮನಗಂಡರು. ಕಟ್ಟಡದ ನಿಯಮಗಳನ್ನು ಬಿಗಿಗೊಳಿಸಿ, ಹೊಸ ಮನೆಯ ಗೋಡೆ, ಸೂರು, ಕಿಟಕಿಗಳು ಎಷ್ಟು ಶಾಖವನ್ನು ಹೊರಬಿಡಬಹುದೆಂಬುದಕ್ಕೆ ಮಿತಿ ಹಾಕಿದರು. 1979ರಲ್ಲಿ ಶಾಖ ಸರಬರಾಜಿನ ಕಾಯಿದೆಯನ್ನೇ ತಂದರು. ವಿದ್ಯುತ್ ಕೇಂದ್ರವೊಂದು ಇಂಧನವನ್ನು ಸುಟ್ಟಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಶಾಖವಾಗಿ ಸಮುದ್ರಕ್ಕೋ ಆಕಾಶಕ್ಕೋ ಹೋಗುವುದು ವಾಡಿಕೆ. ಡೆನ್ಮಾರ್ಕಿನವರು ಆ ಶಾಖದಿಂದ ನೀರನ್ನು ಕಾಯಿಸಿ, ನೆಲದೊಳಗಿನ ಕೊಳವೆಗಳ ಮೂಲಕ ಮನೆಮನೆಗೆ ಹರಿಸಿದರು. ಇಂದು ಅಲ್ಲಿಯ ಮೂರು ಮನೆಗಳಲ್ಲಿ ಸುಮಾರು ಎರಡಕ್ಕೆ ಹೀಗೆ ಹರಿದುಬರುವ ಬಿಸಿನೀರೇ ಚಳಿಗಾಲದ ಆಶ್ರಯ.

ಅಲ್ಲಿನ ದರಪಟ್ಟಿಯಲ್ಲಿ ಒಂದು ಸೂಕ್ಷ್ಮವಿದೆ. ಮನೆಯನ್ನು ಸುತ್ತಿ ಹಿಂತಿರುಗುವ ನೀರು ಇನ್ನೂ ಬಿಸಿಯಾಗಿಯೇ ಇದ್ದರೆ ಹಲವು ಸರಬರಾಜು ಸಂಸ್ಥೆಗಳು ಮನೆಯೊಡೆಯನಿಂದ ಹೆಚ್ಚಿನ ಹಣ ವಸೂಲು ಮಾಡುತ್ತವೆ. ಕೊಟ್ಟ ಶಾಖವನ್ನು ಪೂರ್ಣವಾಗಿ ಉಪಯೋಗಿಸದೆ ಹಿಂದಕ್ಕೆ ಕಳುಹಿಸಿದರೆ ಕೊಳವೆಗಳಲ್ಲಿ ನಷ್ಟ ಹೆಚ್ಚು, ಕೇಂದ್ರದ ದಕ್ಷತೆ ಕಡಿಮೆ ಎಂಬುದು ಅದಕ್ಕೆ ಕಾರಣ. ದಾಸೋಹದ ಪಂಕ್ತಿಯಲ್ಲಿ ಎಲೆಯ ಮೇಲೆ ಅನ್ನ ಬಿಟ್ಟೇಳುವವನನ್ನು ಹಿರಿಯರು ತಡೆದು ಕೇಳುವಂತೆ ಅಲ್ಲಿ ಮೀಟರು ಕೇಳುತ್ತದೆ.

ಚೀನಾ ದೇಶದ ಅನುಭವವು ಇದಕ್ಕೆ ಕನ್ನಡಿ ಹಿಡಿದಂತೆ ವಿರುದ್ಧವಾದುದು. 1950ರ ದಶಕದಲ್ಲಿ ಅಲ್ಲಿಯ ಸರಕಾರವು ಹುವಾಯ್ ನದಿಯನ್ನು ಗಡಿಯಾಗಿ ಇಟ್ಟುಕೊಂಡು, ಅದರ ಉತ್ತರಕ್ಕಿರುವ ಪಟ್ಟಣಗಳ ಮನೆಗಳಿಗೆ ಚಳಿಗಾಲದಲ್ಲಿ ಕಲ್ಲಿದ್ದಲಿನ ಶಾಖವನ್ನು ಒದಗಿಸುವ ವ್ಯವಸ್ಥೆ ಮಾಡಿತು. ಆ ದೇಶ ಬಡವಾಗಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಶಾಖದ ಬೆಲೆಯನ್ನು ಬಳಸಿದ ಪ್ರಮಾಣದ ಮೇಲೆ ಕಟ್ಟದೆ ಮನೆಯ ವಿಸ್ತೀರ್ಣದ ಮೇಲೆ ಕಟ್ಟಿದರು. ಬಹಳ ಕಾಲ ಆ ಹಣವನ್ನೂ ನಿವಾಸಿಯ ಬದಲು ಆತ ದುಡಿಯುವ ಸಂಸ್ಥೆಯೇ ತೆರುತ್ತಿತ್ತು. ಒಂದೇ ಕೊಳವೆಯು ಮೇಲಿನ ಅಂತಸ್ತಿನಿಂದ ಕೆಳಗಿನ ಅಂತಸ್ತಿನವರೆಗೆ ಒಂದಾದ ಮೇಲೊಂದು ಮನೆಯನ್ನು ಹಾದುಹೋಗುತ್ತಿದ್ದ ಕಟ್ಟಡಗಳಲ್ಲಿ ನಡುವೆ ಒಬ್ಬನು ತಿರುಗಿಸಿ ನಿಲ್ಲಿಸಬಹುದಾದ ಕವಾಟವೇ ಇರಲಿಲ್ಲ. ಕೋಣೆ ಅತಿಯಾಗಿ ಬಿಸಿಯಾದರೆ ನಿವಾಸಿಗೆ ಉಳಿದ ಮಾರ್ಗ ಒಂದೇ: ಹೊರಗೆ ಹಿಮ ಬೀಳುತ್ತಿದ್ದರೂ ಕಿಟಕಿಯನ್ನು ತೆರೆದಿಡುವುದು. ಅದೇ ಹೊತ್ತಿನಲ್ಲಿ ಗಡಿಯ ದಕ್ಷಿಣಕ್ಕಿದ್ದವರು ಶಾಖವಿಲ್ಲದ ಮನೆಗಳಲ್ಲಿ ದಪ್ಪ ಅಂಗಿ ತೊಟ್ಟು ನಡುಗುತ್ತಿದ್ದರು. ಸುಟ್ಟ ಕಲ್ಲಿದ್ದಲಿನ ಹೊಗೆಯಿಂದ ನದಿಯ ಉತ್ತರದವರ ಆಯುಷ್ಯವೇ ಕೆಲವು ವರ್ಷಗಳಷ್ಟು ಕುಗ್ಗಿದೆಯೆಂದು 2013ರಲ್ಲಿಯೂ 2017ರಲ್ಲಿಯೂ ಪ್ರಕಟವಾದ ಅಧ್ಯಯನಗಳು ತಿಳಿಸಿದವು.

2003ರಿಂದ ಚೀನಾ ಸರಕಾರವು ಶಾಖಕ್ಕೆ ಮೀಟರು ಅಳವಡಿಸಿ, ಬಳಸಿದಷ್ಟಕ್ಕೆ ಹಣ ಕಟ್ಟುವ ಪದ್ಧತಿಯನ್ನು ತರಲು ಯತ್ನಿಸುತ್ತಿದೆ. ಕೆಲಸ ನಿಧಾನವಾಗಿ ಸಾಗಿದೆ. ಹಳೆಯ ಕೊಳವೆಗಳನ್ನು ಬದಲಿಸಬೇಕು. ನಡುಮನೆಯವನು ಕವಾಟ ಮುಚ್ಚಿ ಅಕ್ಕಪಕ್ಕದವರ ಗೋಡೆಗಳಿಂದ ಬರುವ ಶಾಖದಲ್ಲಿಯೇ ಪುಕ್ಕಟೆ ಬೆಚ್ಚಗಿದ್ದರೆ ಅದಕ್ಕೆ ನ್ಯಾಯವೇನೆಂಬ ಜಗಳವನ್ನು ತೀರಿಸಬೇಕು. ಮೂಲೆಯ ಮನೆಯವನು ಹೆಚ್ಚು ತೆರಬೇಕಾದುದಕ್ಕೆ ಸಮಾಧಾನ ಹೇಳಬೇಕು. ಕೈಯಳತೆಯ ಕವಾಟವೊಂದನ್ನು ಮೊದಲೇ ಇಡದಿದ್ದುದರ ಬೆಲೆಯನ್ನು ಒಂದು ಮಹಾರಾಷ್ಟ್ರವು ಅರ್ಧ ಶತಮಾನ ತೆರಬೇಕಾಯಿತು. ದಕ್ಷತೆಯ ಸಾಧನವನ್ನು ಕೊಡುವುದಕ್ಕೆ ಮೊದಲು ಬಳಸುವವನ ಕೈಗೆ ಹಿಡಿಕೆಯನ್ನು ಕೊಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು.

ಜರ್ಮನಿಯ ವಿಷಯದಲ್ಲಿ ಪ್ರಶಂಸೆಯ ಮಾತುಗಳೇ ಹೆಚ್ಚಾಗಿ ಕೇಳಿಬರುತ್ತವೆ. ಅದಕ್ಕೆ ಕಾರಣವೂ ಇದೆ. ಕಟ್ಟಡಗಳ ಶಾಖರಕ್ಷಣೆಯ ಮೊದಲ ಆದೇಶ ಅಲ್ಲಿ 1977ರಲ್ಲಿ ಜಾರಿಗೆ ಬಂದಿತು. ಅದೇ ವರ್ಷ ಕೆನಡಾದ ರೆಜೈನಾ ನಗರದಲ್ಲಿ ದಪ್ಪ ಉಷ್ಣರೋಧಕ ಪದರಗಳುಳ್ಳ, ಗಾಳಿ ಸೋರದ ಪ್ರಾಯೋಗಿಕ ಮನೆಯೊಂದನ್ನು ಕಟ್ಟಿದ್ದರು. ಆ ಬಗೆಯ ಅನುಭವಗಳನ್ನು ಮುಂದುವರಿಸಿ ವೋಲ್ಫ್‌ಗಾಂಗ್ ಫೈಸ್ಟ್ ಎಂಬ ವಿಜ್ಞಾನಿಯು 1991ರಲ್ಲಿ ಡಾರ್ಮ್‌ಸ್ಟಾಟ್ ನಗರದಲ್ಲಿ ನಾಲ್ಕು ಮನೆಗಳ ಸಾಲೊಂದನ್ನು ಸಿದ್ಧಪಡಿಸಿದನು. ‘ಪ್ಯಾಸಿವ್ ಹೌಸ್’ ಎಂದು ಪ್ರಸಿದ್ಧವಾದ ಈ ಪದ್ಧತಿಯಲ್ಲಿ ಒಂದು ಚದರ ಮೀಟರು ನೆಲಕ್ಕೆ ವರ್ಷಕ್ಕೆ 15 ಯೂನಿಟ್ಟಿಗಿಂತ ಹೆಚ್ಚು ಶಾಖ ಬೇಕಾಗಬಾರದು. ಅಲ್ಲಿಯ ಹಳೆಯ ಮನೆಗಳಿಗೆ ಲೆಕ್ಕದಂತೆ ಇನ್ನೂರು ಯೂನಿಟ್ಟು ಬೇಕಾಗುವುದೂ ಉಂಟು. ಒಳಗಿನವರ ಮೈಶಾಖ, ಒಲೆಯ ಶಾಖ, ಕಿಟಕಿಯ ಬಿಸಿಲು, ಇವೇ ಬಹುಮಟ್ಟಿಗೆ ಸಾಕು.

ಆದರೆ ಲೆಕ್ಕಕ್ಕೂ ಬಾಳಿಗೂ ನಡುವೆ ಅಂತರವಿದೆ. ಜರ್ಮನಿಯ ಮೂರು ಸಾವಿರಕ್ಕೂ ಹೆಚ್ಚು ಮನೆಗಳ ಅಂಕಿಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಿವಾಸಿಗಳು ನಿಜವಾಗಿ ಬಳಸುವ ಶಾಖವು ಎಂಜಿನಿಯರರ ಲೆಕ್ಕಕ್ಕಿಂತ ಸರಾಸರಿ ನೂರಕ್ಕೆ 30ರಷ್ಟು ಕಡಿಮೆಯೆಂದು ಕಂಡುಬಂದಿತು. ಹಳೆಯ ಸೋರುವ ಮನೆಯಲ್ಲಿರುವವರು, ವಿಶೇಷವಾಗಿ ಅಲ್ಪ ಆದಾಯದವರು, ಇಡೀ ಮನೆಯನ್ನು ಬೆಚ್ಚಗಿಡುವುದೇ ಇಲ್ಲ. ಒಂದು ಕೋಣೆಯನ್ನು ಕಾಯಿಸಿ ಅಲ್ಲಿಯೇ ದಿನ ಕಳೆಯುತ್ತಾರೆ. ಅವರು ಬಳಸದಿರುವ ಶಕ್ತಿಯನ್ನು ಉಳಿಸುವುದೆಂತು? ಉಳಿತಾಯದ ಸಾಧ್ಯತೆಯನ್ನು ದೊಡ್ಡ ಅಂಕಿಗಳಲ್ಲಿ ಸಾರುವ ವರದಿಗಳನ್ನು ಓದುವಾಗ ಈ ಒಂದು ಮಾತನ್ನು ನೆನಪಿನಲ್ಲಿಡುವುದು ಕ್ಷೇಮ. ಬಡವನ ಮನೆಯನ್ನು ದುರಸ್ತಿಗೊಳಿಸಿದಾಗ ಬಿಲ್ಲಿನಲ್ಲಿ ಉಳಿತಾಯ ಕಾಣದೆಯೂ ಇರಬಹುದು. ಬದಲಾಗಿ ಎರಡನೆಯ ಕೋಣೆ ಬೆಚ್ಚಗಾಗುತ್ತದೆ. ಅದನ್ನು ವಿಫಲತೆಯೆಂದು ಬರೆದಿಡುವ ಲೆಕ್ಕಿಗನು ಮನೆ ಯಾತಕ್ಕಾಗಿ ಇದೆಯೆಂಬುದನ್ನೇ ಮರೆತಿದ್ದಾನೆ.

ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಟ್ವಿನ್ ರಿವರ್ಸ್ ಎಂಬ ಬಡಾವಣೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದವರು 1970ರ ದಶಕದಲ್ಲಿ ನಡೆಸಿದ ಶೋಧನೆಯೂ ಇಂಥದೇ ವಿವೇಕವನ್ನು ಕಲಿಸಿತು. ಒಂದೇ ಅಚ್ಚಿನಲ್ಲಿ ಎರೆದಂತಿದ್ದ ಮನೆಗಳಲ್ಲಿಯೂ ಒಂದರ ಇಂಧನ ಇನ್ನೊಂದರ ಎರಡರಷ್ಟಿತ್ತು. ಇನ್ನು, ಅಟ್ಟದ ಮೇಲೆ ಉಷ್ಣರೋಧಕವನ್ನು ಹರವಿದ್ದರೂ, ಹೊಗೆಕೊಳವೆಯ ಪಕ್ಕದ ಸಂದುಗಳಿಂದ ಬಿಸಿಗಾಳಿಯು ಯಾರಿಗೂ ಕಾಣದಂತೆ ಮೇಲಕ್ಕೆ ಹೋಗುತ್ತಿತ್ತು. ನಕ್ಷೆಯಲ್ಲಿ ಇಲ್ಲದ ರಂಧ್ರವು ನಕ್ಷೆಯನ್ನು ಓದುವವನಿಗೆ ಹೇಗೆ ಗೋಚರಿಸೀತು? ಮನೆಯೊಳಗೆ ಹೊಕ್ಕು ತಡಕಿದವರಿಗೆ ಮಾತ್ರ ಅದು ಸಿಕ್ಕಿತು.

ಅಮೆರಿಕದ ನಿಜವಾದ ಗೆಲುವು ಗೋಡೆಗಳಿಗಿಂತ ಹೆಚ್ಚಾಗಿ ಉಪಕರಣಗಳಲ್ಲಿದೆ. 1970ರ ದಶಕದ ನಡುವಿನಲ್ಲಿ ಅಲ್ಲಿಯ ಸಾಮಾನ್ಯ ರೆಫ್ರಿಜರೇಟರು ವರ್ಷಕ್ಕೆ ಸುಮಾರು 1,800 ಯೂನಿಟ್ಟು ವಿದ್ಯುತ್ತನ್ನು ನುಂಗುತ್ತಿತ್ತು. ಕ್ಯಾಲಿಫೋರ್ನಿಯಾ ಪ್ರಾಂತವು ಮೊದಲು, ಬಳಿಕ 1987ರ ಕಾಯಿದೆಯ ಮೂಲಕ ಕೇಂದ್ರ ಸರಕಾರವು ಮಿತಿಗಳನ್ನು ವಿಧಿಸಲಾಗಿ, 2001ರ ಹೊತ್ತಿಗೆ ಅದು 500 ಯೂನಿಟ್ಟಿನ ಆಸುಪಾಸಿಗೆ ಇಳಿಯಿತು. ಪೆಟ್ಟಿಗೆ ಚಿಕ್ಕದಾಗಲಿಲ್ಲ, ಬೆಲೆ ಏರಲಿಲ್ಲ. ಕೊಳ್ಳುವವನಿಗೆ ಯಾರೂ ನೀತಿಬೋಧೆ ಮಾಡಲಿಲ್ಲ. ಜಪಾನಿನಲ್ಲಿ 1990ರ ದಶಕದ ಕೊನೆಯಿಂದ, ಪೇಟೆಯಲ್ಲಿರುವ ಅತ್ಯುತ್ತಮ ಉಪಕರಣವನ್ನೇ ಅಳತೆಗೋಲಾಗಿಟ್ಟು ಉಳಿದ ತಯಾರಕರೆಲ್ಲ ನಿಗದಿತ ಅವಧಿಯಲ್ಲಿ ಅದನ್ನು ಮುಟ್ಟಬೇಕೆಂಬ ಪದ್ಧತಿಯಿದೆ. ವಿಚಿತ್ರವೆಂದರೆ ಅದೇ ಜಪಾನು, ಹೊಸ ಮನೆಗಳೆಲ್ಲಕ್ಕೂ ಉಷ್ಣರೋಧಕವನ್ನು ಕಡ್ಡಾಯ ಮಾಡಿದುದು 2025ರ ಏಪ್ರಿಲಿನಲ್ಲಿ! ಮೇಜಿನ ಕೆಳಗೆ ಕೆಂಡವನ್ನೋ ವಿದ್ಯುತ್ ಒಲೆಯನ್ನೋ ಇಟ್ಟು, ಮೇಲೆ ಕೌದಿ ಹೊದಿಸಿ, ಮನೆಮಂದಿಯೆಲ್ಲ ಸುತ್ತ ಕುಳಿತು ಕಾಲು ಕಾಯಿಸಿಕೊಳ್ಳುವ ‘ಕೊತಾತ್ಸು’ ಪದ್ಧತಿ ಅಲ್ಲಿಯದು. ಮನೆಯನ್ನು ಕಾಯಿಸದೆ ಮನುಷ್ಯನನ್ನು ಕಾಯಿಸುವ ಈ ಉಪಾಯದಲ್ಲಿ ಮಿತವ್ಯಯವೂ ಇತ್ತು, ತೆಳುಗೋಡೆಯ ಸಮರ್ಥನೆಯೂ ಇತ್ತು.

ಈ ಎಲ್ಲ ವೃತ್ತಾಂತದಿಂದ ಭಾರತಕ್ಕೆ, ಅದರಲ್ಲಿಯೂ ಕನ್ನಡ ನಾಡಿಗೆ, ಏನು ತಿಳಿದುಬರುತ್ತದೆ? ಶೀತದೇಶದ ಮನೆಯಲ್ಲಿ ಶಕ್ತಿಯು ಹೆಚ್ಚಾಗಿ ಕೋಣೆ ಕಾಯಿಸಲು ವ್ಯಯವಾಗುತ್ತದೆ. ಯುರೋಪಿನ ಒಕ್ಕೂಟದಲ್ಲಿ ಮನೆಗಳ ಬಳಕೆಯ ಸುಮಾರು ಮೂರರಲ್ಲಿ ಎರಡು ಪಾಲು ಅದಕ್ಕೇ ಮೀಸಲು. ಕಲಬುರಗಿಯ ಮನೆಯ ರೋಗ ಬೇರೆ, ಔಷಧವೂ ಬೇರೆ. ರೋಗಿಯ ನಾಡಿ ಹಿಡಿಯದೆ ಔಷಧವನ್ನು ಮಾತ್ರ ಪರದೇಶದಿಂದ ತರಿಸುವ ಚಾಳಿಯನ್ನು ಎಷ್ಟು ಖಂಡಿಸಿದರೂ ಸಾಲದು. ಚಳಿನಾಡಿನವರು ಬಿಸಿಲನ್ನು ಒಳಕ್ಕೆ ಕರೆಯಲು ಗಾಜಿನ ಗೋಡೆಗಳನ್ನು ಕಟ್ಟಿಕೊಂಡರೆ, ಬಿಸಿಲನಾಡಿನ ನಗರಗಳಲ್ಲಿ ಅದೇ ಗಾಜನ್ನು ಮೆತ್ತಿ, ಒಳಸೇರಿದ ಬಿಸಿಲನ್ನು ಹೊರಹಾಕಲು ಏರ್ ಕಂಡೀಷನರಿಗೆ ವಿದ್ಯುತ್ತು ಸುರಿಯುವುದು ಪ್ರಗತಿಯ ಲಕ್ಷಣವೆನಿಸಿಕೊಂಡಿದೆ.

ಈ ನಾಡಿನ ಮನೆಯ ಶಕ್ತಿಯನ್ನು ಹೊಸ್ತಿಲೊಳಗೆ ಹೋಗಿ ಅಳೆದವರಲ್ಲಿ ಅಗ್ರಗಣ್ಯರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರು. ಅವರು 1974ರಲ್ಲಿ ಸ್ಥಾಪಿಸಿದ ‘ಅಸ್ತ್ರ’ ಕೇಂದ್ರದವರು ತುಮಕೂರು ಜಿಲ್ಲೆ ಕುಣಿಗಲು ತಾಲ್ಲೂಕಿನ ಪುರ ಗ್ರಾಮವೇ ಮೊದಲಾದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಎಷ್ಟು ಕಟ್ಟಿಗೆ ಉರಿಯುತ್ತದೆ, ಯಾರು ಅದನ್ನು ಹೊತ್ತು ತರುತ್ತಾರೆ, ಎಷ್ಟು ದೂರ ನಡೆಯುತ್ತಾರೆ ಎಂಬುದನ್ನೆಲ್ಲ ದಾಖಲಿಸಿದರು. ಹಳ್ಳಿಯ ಶಕ್ತಿಯ ಬಹುಪಾಲು ಕಟ್ಟಿಗೆಯೆಂದೂ, ಅದರ ಬಹುಪಾಲು ಅಡುಗೆಯ ಒಲೆಗೆ ಹೋಗುತ್ತದೆಂದೂ, ಆ ಒಲೆಯು ಕೊಟ್ಟ ಶಾಖದಲ್ಲಿ ಹತ್ತನೆಯ ಒಂದು ಭಾಗವನ್ನೂ ಪಾತ್ರೆಗೆ ಮುಟ್ಟಿಸುವುದು ಕಷ್ಟವೆಂದೂ ತಿಳಿದುಬಂದಿತು. ಉಳಿದುದು ಹೊಗೆಯಾಗಿ ತಾಯಂದಿರ ಕಣ್ಣಿಗೂ ಎದೆಗೂ ಸೇರುತ್ತಿತ್ತು. ಮೂರು ಪಾತ್ರೆಗಳ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಹುಟ್ಟಿದ್ದು ಈ ಅಳತೆಯ ಫಲವಾಗಿ. ಜರ್ಮನಿಯ ಮನೆ ಗೋಡೆಯಿಂದ ಸೋರಿದರೆ ಪುರ ಗ್ರಾಮದ ಮನೆ ಒಲೆಯಿಂದ ಸೋರುತ್ತಿತ್ತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಹಳ್ಳಿಗಳಿಗೆ ಅಡುಗೆ ಅನಿಲ ಬಂದಿದೆಯಾದರೂ, ಸಿಲಿಂಡರು ಖಾಲಿಯಾದ ಮೇಲೆ ಮತ್ತೆ ತುಂಬಿಸುವ ಹಣವಿಲ್ಲದೆ ಕಟ್ಟಿಗೆಗೆ ಮರಳುವ ಮನೆಗಳು ಇನ್ನೂ ಇವೆ.

ರೆಡ್ಡಿಯವರು ಬ್ರೆಜಿಲ್, ಸ್ವೀಡನ್, ಅಮೆರಿಕ ದೇಶಗಳ ಮೂವರು ವಿದ್ವಾಂಸರೊಡಗೂಡಿ 1980ರ ದಶಕದಲ್ಲಿ ಮಂಡಿಸಿದ ವಾದವು ಜಗತ್ತಿನ ಗಮನ ಸೆಳೆಯಿತು. ಉತ್ತಮ ಸಾಧನಗಳನ್ನು ಬಳಸುವುದಾದರೆ ತಲೆಗೆ ಸುಮಾರು ಒಂದು ಕಿಲೋವಾಟಿನಷ್ಟು ಶಕ್ತಿಯಿಂದಲೇ ಬಡ ದೇಶಗಳ ಜನರು ಅಂದಿನ ಪಶ್ಚಿಮ ಯುರೋಪಿನ ಮಟ್ಟದ ಬಾಳನ್ನು ಬಾಳಬಹುದೆಂಬುದು ಅದರ ಸಾರ. ಕರ್ನಾಟಕದ ವಿದ್ಯುತ್ ಬೇಡಿಕೆಯ ಬಗ್ಗೆಯೂ ಅವರು ಇದೇ ನ್ಯಾಯವನ್ನು ಅನ್ವಯಿಸಿ, ದೀಪ ಬದಲಿಸಿ, ಸ್ನಾನದ ನೀರಿಗೆ ಸೂರ್ಯನನ್ನು ಆಶ್ರಯಿಸಿ, ಪಂಪುಗಳನ್ನು ಸುಧಾರಿಸಿದರೆ ಸರಕಾರಿ ಅಂದಾಜಿಗಿಂತ ಬಹಳ ಕಡಿಮೆ ವಿದ್ಯುತ್ತು ಸಾಕೆಂದು 1990ರ ಸುಮಾರಿಗೆ ತೋರಿಸಿಕೊಟ್ಟರು. ಅದನ್ನು ಆಗ ಕಿವಿಗೊಟ್ಟು ಕೇಳಿದವರು ವಿರಳ. ಮುಂದೆ ಅವರ ಮಾತುಗಳಲ್ಲಿ ಕೆಲವು ತಾವಾಗಿಯೇ ನಿಜವಾದವು. ಹೊಸ ಮನೆಗಳ ಮೇಲೆ ಸೌರಜಲತಾಪಕವನ್ನು ಕಡ್ಡಾಯಗೊಳಿಸಿದ ನಗರಗಳಲ್ಲಿ ಬೆಂಗಳೂರು ಮುಂಚೂಣಿಯಲ್ಲಿದೆ. 2015ರ ಉಜಾಲಾ ಯೋಜನೆಯಿಂದ ದೇಶದಲ್ಲಿ 36 ಕೋಟಿಗೂ ಮಿಕ್ಕಿ ಎಲ್‌ಇಡಿ ಬಲ್ಬುಗಳು ಹಂಚಿಕೆಯಾದವು. 60 ವಾಟಿನ ಹಳೆಯ ಬಲ್ಬಿನ ಬೆಳಕನ್ನು 9 ವಾಟಿನದು ಕೊಡುತ್ತದೆ.

ಮುಂದಿನ ಪ್ರಶ್ನೆ ಬಿಸಿಲಿನದು. 2018ರಲ್ಲಿ ಭಾರತದ ನೂರು ಮನೆಗಳಲ್ಲಿ ಸುಮಾರು ಐದರಲ್ಲಿ ಮಾತ್ರ ಏರ್ ಕಂಡೀಷನರು ಇತ್ತು. ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ತೊಂಬತ್ತರಲ್ಲಿ. ಅಂತರ ತುಂಬುತ್ತಿದೆ. ಇಂದು ಕಟ್ಟುವ ಮನೆ ಐವತ್ತು ಅರುವತ್ತು ವರ್ಷ ನಿಲ್ಲುವಂಥದು. ಅದರ ಸೂರು ತಪ್ಪಾದರೆ ಮೂರು ತಲೆಮಾರು ಅದರ ಬಿಲ್ಲನ್ನು ತೆರಬೇಕು. ಉತ್ತರ ಕರ್ನಾಟಕದ ಹಿರಿಯರು ದಪ್ಪ ಗೋಡೆಯ ಮೇಲೆ ಮರದ ತೊಲೆ ಹೊದಿಸಿ, ಮಣ್ಣಿನ ಮಾಳಿಗೆ ಹಾಕಿ, ವರ್ಷವರ್ಷವೂ ಮಳೆಗೆ ಮೊದಲು ಹೊಸ ಮಣ್ಣನ್ನು ಹರವುತ್ತಿದ್ದರು. ಬೆಳಕಿಂಡಿಯಿಂದ ಬೆಳಕು ಇಳಿಯುತ್ತಿತ್ತು, ಬಿಸಿಗಾಳಿ ಏರಿ ಹೋಗುತ್ತಿತ್ತು. ಆ ಮನೆಗಳಲ್ಲಿ ಕತ್ತಲೆಯೂ ಇತ್ತು, ಮಳೆಗಾಲದ ಸೋರಿಕೆಯೂ ಇತ್ತು. ಅವನ್ನೇ ಮತ್ತೆ ಕಟ್ಟಿರೆಂದು ಹೇಳುವುದು ಅವುಗಳಲ್ಲಿ ವಾಸಿಸದವರ ಮಾತು. ಆದರೆ ಅವುಗಳ ಜಾಗಕ್ಕೆ ಬಂದಿರುವ ಬೋಳು ಕಾಂಕ್ರೀಟು ತಾರಸಿಯು ಹಗಲೆಲ್ಲ ಬಿಸಿಲನ್ನು ಕುಡಿದು, ರಾತ್ರಿಯಿಡೀ ಮಲಗಿದವರ ಮೇಲೆ ಕಾರುತ್ತದೆ. ಅದರ ಮೇಲೆ ಸುಣ್ಣವನ್ನೋ ಬಿಳಿಯ ಬಣ್ಣವನ್ನೋ ಬಳಿದರೆ ಬಿಸಿಲಿನ ದೊಡ್ಡ ಪಾಲು ಆಕಾಶಕ್ಕೆ ಹಿಂತಿರುಗುತ್ತದೆ. ನೆರೆಯ ತೆಲಂಗಾಣವು 2023ರಲ್ಲಿ ಇದಕ್ಕೆಂದೇ ತಂಪು ಸೂರಿನ ನೀತಿಯೊಂದನ್ನು ಪ್ರಕಟಿಸಿತು. ಅದೇ ಬಿಸಿಲನ್ನು ಹಂಚಿಕೊಂಡಿರುವ ಕಲಬುರಗಿ, ರಾಯಚೂರುಗಳಿಗೆ ಅದರಲ್ಲಿ ಕಲಿಯುವುದು ಇಲ್ಲವೆನ್ನಲಾಗದು.

ಭಾರತ ಸರಕಾರವು ವಾಸದ ಮನೆಗಳಿಗಾಗಿ 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಎಂಬ ನಿಯಮಾವಳಿಯನ್ನು ಹೊರಡಿಸಿತು. (ಗ್ರೀಕಿನ ‘ಇಕೋ’ ಎಂಬುದಕ್ಕೂ ಮೂಲಾರ್ಥ ಮನೆಯೆಂದೇ ಆದುದರಿಂದ ಹೆಸರಿನಲ್ಲಿ ಪುನರುಕ್ತಿದೋಷವಿದೆ, ವಿಷಯದಲ್ಲಿ ದೋಷವಿಲ್ಲ.) ಗೋಡೆ ಕಿಟಕಿಗಳ ಮೂಲಕ ಎಷ್ಟು ಬಿಸಿ ಒಳಬರಬಹುದೆಂಬುದಕ್ಕೆ ಅದು ಮಿತಿ ಹೇಳುತ್ತದೆ. 2022ರ ತಿದ್ದುಪಡಿಯಿಂದ ವಾಸದ ಕಟ್ಟಡಗಳೂ ಶಕ್ತಿಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬಂದಿವೆ. ನಿಯಮವು ಪುಸ್ತಕದಿಂದಿಳಿದು ಪುರಸಭೆಯ ನಕ್ಷೆ ಮಂಜೂರಾತಿಯ ಮೇಜಿಗೆ ಬರುವವರೆಗೆ ಅದು ಶಾಸ್ತ್ರವೇ ಹೊರತು ಆಚಾರವಲ್ಲ.

ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯನ್ನೂ ಈ ದೃಷ್ಟಿಯಿಂದ ನೋಡಬೇಕು. ಬಡಮನೆಗೆ ಬೆಳಕು ಉಚಿತವಾಗಿ ದೊರೆಯುವುದನ್ನು ಆಕ್ಷೇಪಿಸುವುದು ಸಲ್ಲದು. ಆಕ್ಷೇಪವಿರುವುದು ಲೆಕ್ಕದ ಕಟ್ಟಿನಲ್ಲಿ. ಆರಂಭದಲ್ಲಿ ಅದು ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ನೂರಕ್ಕೆ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತವೆಂದಿತು. ಹಿಂದಿನ ವರ್ಷ ಹಿಡಿತದಿಂದ ಬಳಸಿದವನಿಗೆ ಕಡಿಮೆ ದಾನ, ಧಾರಾಳವಾಗಿ ಬಳಸಿದವನಿಗೆ ಹೆಚ್ಚು ದಾನವೆಂದಾಯಿತು. ಆ ಮೊತ್ತದಲ್ಲಿ ಒಂದಂಶವನ್ನು ಮನೆಗೊಂದು ಮಿತಶಕ್ತಿಯ ಫ್ಯಾನನ್ನು ಕೊಡಲು ಬಳಸಿದ್ದರೆ ಸರಕಾರದ ಹೊರೆಯೂ ಇಳಿಯುತ್ತಿತ್ತು. ಬಾಡಿಗೆಯ ಮನೆಗಳ ತೊಡಕು ಇನ್ನೊಂದು: ಸೂರು, ಗೀಸರು, ಫ್ಯಾನುಗಳನ್ನು ಆರಿಸುವವನು ಒಡೆಯ, ಬಿಲ್ಲು ಕಟ್ಟುವವನು ಬಾಡಿಗೆದಾರ. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆಮನೆಯವರಾದುದರಿಂದ ಅಲ್ಲಿಯೂ ಈ ಗಂಟು ಬಿಚ್ಚಿಲ್ಲ.

ಮಠಗಳ ಆಶ್ರಯದಲ್ಲಿ ನಡೆಯುವ ಪ್ರಸಾದನಿಲಯಗಳೂ ವಾಸಗೃಹಗಳೇ; ಒಂದೊಂದರಲ್ಲಿ ನೂರಾರು ಮಕ್ಕಳು ಬಾಳುತ್ತಾರೆ. ಅಲ್ಲಿಯೂ ಕಟ್ಟಿಸುವವರು ಬೇರೆ, ಬಿಲ್ಲು ಕಟ್ಟುವವರು ಬೇರೆ. ದಾನಿಗಳು ಉದಾರವಾಗಿ ಕೋಣೆ ಕಟ್ಟಿಸುತ್ತಾರೆ, ಹೆಸರಿನ ಕಲ್ಲು ಗೋಡೆಯನ್ನೇರುತ್ತದೆ. ಆ ಕೋಣೆಯ ತಾರಸಿಗೆ ಸುಣ್ಣ ಬಳಿಯಲು ದಾನ ಕೊಟ್ಟವರ ಹೆಸರು ಯಾವ ಕಲ್ಲಿನ ಮೇಲೂ ಕಾಣಸಿಗದು. ಸಾಮಾನ್ಯ ಫ್ಯಾನು ಸುಮಾರು 75 ವಾಟು ಬೇಡಿದರೆ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30 ವಾಟಿನಲ್ಲಿ ಅಷ್ಟೇ ಗಾಳಿ ಬೀಸುತ್ತದೆ. ಐವತ್ತು ಫ್ಯಾನುಗಳು ದಿನಕ್ಕೆ ಹತ್ತು ಗಂಟೆ ತಿರುಗುವ ನಿಲಯದಲ್ಲಿ ದಿನಕ್ಕೆ ಇಪ್ಪತ್ತೆರಡೂವರೆ ಯೂನಿಟ್ಟು ಉಳಿಯುತ್ತದೆ. ಇನ್ನೂರೈವತ್ತು ದಿನಕ್ಕೆ 5,625 ಯೂನಿಟ್ಟು. ಹೊಸ ಕಟ್ಟಡದ ಅಂದಾಜುಪಟ್ಟಿಯನ್ನು ದಾನಿಗಳ ಮುಂದಿಡುವಾಗ ಕಲ್ಲು, ಕಬ್ಬಿಣ, ಸಿಮೆಂಟುಗಳ ಕೆಳಗೆ ಇನ್ನೆರಡು ಸಾಲುಗಳನ್ನು ಸೇರಿಸುವುದು ಕಷ್ಟವೇನಲ್ಲ: ಸೂರಿನ ಬಿಸಿ ತಡೆಯುವ ಹೊದಿಕೆಗೆ ತಗಲುವ ವೆಚ್ಚ ಒಂದು, ಮುಂದಿನ ಹತ್ತು ವರ್ಷಗಳಲ್ಲಿ ಆ ಕಟ್ಟಡವು ಉಣ್ಣಲಿರುವ ವಿದ್ಯುತ್ತಿನ ಬೆಲೆ ಇನ್ನೊಂದು.